ಕೊಬ್ಬರಿ ಆಣೆ

"ಕದ್ದಾಂವ ನಾನರಿ ಮೇಡಮ್ಮಾರ," ಅಂದ ಮುತ್ತಣ್ಣ. "ಬರಕೋರಿ."

"ಎಲ್ಲಿಟ್ಟಿ?"

"ಅದ ಗೊತ್ತಿಲ್ಲರಿ."

"ಯಾವಾಗ ಕದ್ದಿ?"

"ಅದೂ ಗೊತ್ತಿಲ್ಲರಿ. ಆದ್ರ ದೇವರು ಸುಳ್ಳ ಹೇಳ್ತಾನೇನ್ರಿ?"

ನಾನು ಪೆನ್ನನ್ನು ಆಸ್ಪತ್ರೆ ಮಂಚದ ಪಕ್ಕದ ಮೇಜಿನ ಮೇಲೆ ಕುಕ್ಕಿದೆ. ಕದ್ದು ಇಲ್ಲ ಅನ್ನುವವರನ್ನು ಈ ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಏನು ಮಾಡಬೇಕೆಂಬುದು ಗೊತ್ತು. ಕದಿಯದೆ ಹೌದು ಅನ್ನುವವನಿಗೆ ಏನು ಮಾಡಬೇಕು? ಕುಂಬಳಕಾಯಿ ಕಳ್ಳ ಅಂದರೆ ಯಾವನೋ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಹಾರಾಯನ ಹೆಗಲ ಮೇಲೆ ಬೂದಿಯೇ ಇಲ್ಲ, ಆದರೂ 'ಐತ್ರಿ, ನಿಮಗ ಕಾಣವಲ್ದು' ಎನ್ನುತ್ತಿದ್ದ.

ಬೀರನಹಟ್ಟಿಯ ಗುಡಿಯಿಂದ ಬೀರಪ್ಪನ ಬೆಳ್ಳಿ ಮುಖ ಕಳುವಾಗಿತ್ತು. ಹಟ್ಟಿಯವರೆಲ್ಲ ಸಾಲಾಗಿ ನಿಂತು ಭಂಡಾರದ, ಅಂದರೆ ದೇವರ ಅರಿಷಿಣದ, ಆಣೆ ಮಾಡಿದಾಗ ಕುರಿಗಾರ ಮುತ್ತಣ್ಣನೊಬ್ಬನ ದವಡೆ ಕಚ್ಚಿಕೊಂಡುಬಿಟ್ಟಿತ್ತು. ಹಟ್ಟಿಯ ಮಟ್ಟಿಗೆ ಕೇಸು ಅಲ್ಲಿಗೇ ಮುಗಿದಿತ್ತು. ತನಿಖೆ, ಸಾಕ್ಷಿ, ಕೋರ್ಟು ಎಲ್ಲವೂ ಈ ಪಿಎಸ್‌ಐ ರಾಜಶ್ರೀಯ ಹುಚ್ಚು.

"ಮುತ್ತಣ್ಣಾ, ಸರಿಯಾಗಿ ಕೇಳು. ನೀ ಅವತ್ತು ರಾತ್ರಿ ಎಲ್ಲಿದ್ದಿ?"

"ಕುರಿ ಜೋಡಿ ಲೋಕಾಪುರದ ಹೊಲದಾಗ್ರಿ."

"ನಿನ್ನ ನೋಡಿದವ್ರು?"

"ಹೊಲದ ಗೌಡ್ರು ನೋಡ್ಯಾರ್ರಿ. ಅವ್ರ ಚಾ ಕೊಟ್ರು."

"ಹಂಗಾರ ಹಟ್ಟ್ಯಾಗ ಹೆಂಗ ಕದ್ದಿ?"

ಅವನು ಬಹಳ ಹೊತ್ತು ಯೋಚಿಸಿದ. ಪಾಪ, ನನಗೆ ಸಹಾಯ ಮಾಡಬೇಕೆಂಬ ಆಸೆ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಅವನ ಎಡಗೆನ್ನೆ ಗಂಟು ಕಟ್ಟಿತು. ಹಲ್ಲಿಗೆ ಹಲ್ಲು ಕಟಕ್ಕನೆ ಬಡಿದು ದವಡೆ ಮುಚ್ಚಿಕೊಂಡಿತು. ಕಣ್ಣಲ್ಲಿ ನೀರು ತುಂಬಿತು. ಮಂಚದ ಪಟ್ಟಿಯನ್ನು ಅವನು ಹಿಡಿದ ರೀತಿ ನೋಡಿದರೆ ಅದೇ ಮುರಿದೀತು ಅನ್ನಿಸುತ್ತಿತ್ತು.

ಪಕ್ಕದಲ್ಲಿದ್ದ ಅವನ ಹೆಂಡತಿ ತಂಗೆವ್ವ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗೆ ಒತ್ತಿ ಹಿಡಿದಳು. ಅವಳಿಗೆ ಇದು ರೂಢಿಯಾದ ಕೆಲಸದ ಹಾಗಿತ್ತು. ದವಡೆ ಸಡಿಲಾದಾಗ ಮುತ್ತಣ್ಣನ ತುಟಿಯ ಸಂದಿಯಿಂದ ರಕ್ತ ಇಳಿಯಿತು. ನಾಲಿಗೆಯನ್ನು ಮತ್ತೆ ಕಚ್ಚಿಕೊಂಡಿದ್ದ.

"ಗಂಜೀನೂ ಇಳಿಯವಲ್ದರಿ," ಅಂದಳು ತಂಗೆವ್ವ. "ಒಂದು ಗುಟಕಾ ಒಳಗ ಹೋಗೂದ್ರಾಗ ಮತ್ತ ಹಿಡೀತೈತಿ."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಸಾತಪ್ಪ ಟೋಪಿ ತೆಗೆದು ಕೈ ಮುಗಿದ. "ನೋಡಿದ್ರಿಲ್ಲೋ ಮೇಡಂ? ದೇವರ ಮುಖದ ಸುದ್ದಿ ಎತ್ತಿದ ಕೂಡ್ಲೇ ಹಿಡಕೊಂತು."

"ಮುಂಜಾನೆ ಚಾ ಕುಡಿಯೂವಾಗೂ ಹಿಡಕೊಂಡಿತ್ತಲ್ಲ ಸಾತಪ್ಪ. ಚಾದಾಗೂ ನಿಮ್ಮ ದೇವರು ಇದ್ದನೇನು?"

"ದೇವರು ಎಲ್ಲಿ ಇರಂಗಿಲ್ಲರಿ?"

ಈ ಸಾತಪ್ಪನೂ ಬೀರನಹಟ್ಟಿಯವನೇ. ಟೋಪಿಯ ಕೆಳಗೆ ಹಣೆಯಲ್ಲಿ ಸದಾ ಭಂಡಾರದ ಹಳದಿ. ಇವನಿಲ್ಲದೆ ಆ ಹಟ್ಟಿಯಲ್ಲಿ ಒಬ್ಬರೂ ನನ್ನ ಜೊತೆ ಬಾಯಿ ಬಿಡುವುದಿಲ್ಲ. ಇದ್ದರೆ ಇವನೇ ಬಾಯಿ ಮುಚ್ಚುವುದಿಲ್ಲ. ದಿನಕ್ಕೊಮ್ಮೆಯಾದರೂ ಇವನನ್ನು ಬೇರೆ ಠಾಣೆಗೆ ಕಳಿಸಿಬಿಡಬೇಕು ಅನ್ನಿಸುತ್ತಿತ್ತು, ಚಾ ತಂದುಕೊಟ್ಟ ಕೂಡಲೇ ಮರೆತುಹೋಗುತ್ತಿತ್ತು.

ಜಮಖಂಡಿಯ ಆ ಖಾಸಗಿ ಆಸ್ಪತ್ರೆಗೆ ವಾರಕ್ಕೊಮ್ಮೆ ಬೆಳಗಾವಿಯಿಂದ ನರರೋಗದ ಸರ್ಜನ್ ಡಾಕ್ಟರ್ ಪ್ರೇಮಕುಮಾರ ಬರುತ್ತಿದ್ದರು. ಮುತ್ತಣ್ಣನಿಗೆ ಧನುರ್ವಾಯು ಇರಬೇಕೆಂದು ಎಲ್ಲರೂ ಹೇಳುತ್ತಿದ್ದಾಗ, ಅಲ್ಲ ಅಂದವರು ಅವರೊಬ್ಬರೇ. ಅವರು ನನ್ನನ್ನು ಕೋಣೆಯೊಳಗೆ ಕರೆದು ಸ್ಕ್ಯಾನಿನ ಚಿತ್ರ ತೋರಿಸಿದರು. ನನಗೆ ಅದರಲ್ಲಿ ಬರೀ ಬೂದು ಮೋಡ ಕಂಡಿತು.

"ಮೆದುಳಿನಿಂದ ಹೊರಡೋ ನರ ಇದು. ದವಡೆ ಸ್ನಾಯುಗಳಿಗೆ ಅಗಿ ಅಂತ ಹುಕುಂ ಕೊಡೋದು ಇದೇ. ಇದರ ಬುಡಕ್ಕೆ ಒಂದು ರಕ್ತನಾಳ ಬಂದು ಒತ್ತಿಕೊಂಡಿದೆ. ನಾಡಿ ಬಡಿದಾಗೊಮ್ಮೆ ಅದು ನರವನ್ನ ಕೆಣಕತದೆ. ಹುಕುಂ ಇಲ್ಲದೇನೇ ಸ್ನಾಯು ಕಚ್ಚಿ ಹಿಡಿತದೆ. ಅದೂ ಒಂದೇ ಕಡೆ."

"ದೇವರ ಸಿಟ್ಟು ಅಲ್ಲಲ್ಲ?"

ಡಾಕ್ಟರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವೂ ಸುರು ಮಾಡಿದ್ರಾ?"

"ನನಗ ಬೇಕಾಗಿ ಕೇಳಲಿಲ್ಲ ಸರ್. ಒಂದು ಹಟ್ಟಿಗೆ ಹಟ್ಟೀನ ಇದನ್ನ ನಂಬೇತಿ. ರೋಗಿ ಸುದ್ದಾ ನಂಬ್ಯಾನ."

"ಹಾಗಾದ್ರೆ ಒಂದು ಹೇಳ್ತೀನಿ, ಬರಕೊಳ್ಳಿ. ಇವನ ಎಡಗೆನ್ನೆ ಸ್ನಾಯು ಒಳಗೊಳಗೇ ಸವೆದಿದೆ. ಇದು ನಿನ್ನೆ ಮೊನ್ನೆ ಬಂದದ್ದಲ್ಲ. ವರ್ಷಗಟ್ಟಲೆ ಇದನ್ನ ಹೊತ್ತುಕೊಂಡು ತಿರುಗ್ಯಾನ."

ನನಗೆ ಜೀವ ಬಂದಂತಾಯಿತು. "ಅಂದ್ರ ಆಣಿ ಮಾಡೂಕಿಂತ ಮೊದಲ?"

"ಎಷ್ಟೋ ಮೊದಲು. ಮಾತ್ರೆಯಿಂದ ಏನೂ ಆಗಲಿಲ್ಲ. ಇನ್ನು ಆಪರೇಶನ್ನೇ. ಕಿವಿಯ ಹಿಂದೆ ಎಲುಬಿನಲ್ಲಿ ಸಣ್ಣ ಕಿಂಡಿ ಮಾಡಿ, ಆ ರಕ್ತನಾಳವನ್ನ ನರದಿಂದ ಸರಿಸಿ, ನಡುವೆ ಮೆತ್ತಗಿನ ತುಣುಕು ಇಡ್ತೀವಿ, ಮತ್ತೆ ಒಂದಕ್ಕೊಂದು ತಾಗದ ಹಾಗೆ. ಅಷ್ಟಕ್ಕೂ ಬಗ್ಗದಿದ್ರೆ ಆ ಸ್ನಾಯುವಿಗೆ ಹೋಗೋ ಎಳೆಗಳನ್ನ ಸ್ವಲ್ಪ ಕತ್ತರಿಸಬೇಕು. ಆಗ ಆ ಕಡೆ ಅಗಿಯೋ ಶಕ್ತಿ ಕಮ್ಮಿ ಆಗತದೆ. ಆದ್ರೆ ಊಟ ಮಾಡ್ತಾನೆ."

"ಅಪಾಯ?"

"ತಲೆ ತೆರೆಯೋ ಕೆಲಸ. ಅಪಾಯ ಇಲ್ಲ ಅಂದ್ರೆ ಸುಳ್ಳು ಹೇಳಿದ ಹಾಗೆ. ಕಿವಿ ಮಂದ ಆಗಬಹುದು, ಮುಖ ಮರಗಟ್ಟಬಹುದು. ಆದ್ರೆ ಬಿಟ್ಟರೆ ಏನಾಗತದೆ ಗೊತ್ತಾ? ದವಡೆಯ ಕೀಲು ಈಗಲೇ ಬಿಗಿ ಆಗಾಕತ್ತದೆ. ಅದು ಪೂರಾ ಕೂತುಬಿಟ್ಟರೆ ನಾನು ನರ ಸರಿಮಾಡಿದ್ರೂ ಬಾಯಿ ತೆರೆಯೋದಿಲ್ಲ. ನಾಳೆ ಮುಂಜಾನೆ ಅಂಬ್ಯುಲೆನ್ಸ್ ಇಲ್ಲಿಂದ ಬೆಳಗಾವಿಗೆ ಹೋಗತದೆ. ಅವನನ್ನ ಅದರಲ್ಲಿ ಹತ್ತಿಸಿ. ಈ ಪಾಳಿ ತಪ್ಪಿದ್ರೆ ಮುಂದಿನದು ಯಾವಾಗೋ ನನಗೇ ಗೊತ್ತಿಲ್ಲ."

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಅವರು ಗೊಣಗಿದರು: "ಅಲ್ಲ, ಇಂಥವನಿಗೆ ಕೊಬ್ಬರಿ ತಿನಿಸಿದವರು ಯಾರು ಮಾರಾಯ್ರೆ?"

"ಕೊಬ್ಬರಿ?"

"ಬಂದ ದಿನ ಕೆನ್ನೆ ಒಳಗೆ ಒಣ ಕೊಬ್ಬರಿ ತುಂಡು ಸಿಕ್ಕಿತ್ತು. ಗಟ್ಟಿಯಾದದ್ದನ್ನ ಜೋರಾಗಿ ಅಗಿಸಿದ್ರೆ ಇವನ ದವಡೆ ಹಿಡಿದೇ ಹಿಡಿತದೆ. ಬೇಕಂತಲೇ ಹಿಡಿಸಬೇಕು ಅಂದ್ರೆ ಅದಕ್ಕಿಂತ ಸುಲಭ ದಾರಿ ಇಲ್ಲ."

ನಾನು ಅಲ್ಲೇ ನಿಂತೆ. ನಾನು ಕಂಡ ಭಂಡಾರದ ಆಣೆ ಅಂದರೆ ಅಂಗೈಯಲ್ಲಿ ಅರಿಷಿಣ ಹಿಡಿದು, ಹಣೆಗೆ ಹಚ್ಚಿಕೊಂಡು, 'ನಾ ತಗೊಂಡಿಲ್ಲ' ಅನ್ನುವುದು. ಅದರಲ್ಲಿ ಅಗಿಯುವ ಮಾತೆಲ್ಲಿ ಬಂತು?

ಹೊರಗೆ ಬಂದು ಸಾತಪ್ಪನನ್ನು ಕೇಳಿದೆ. "ನಿಮ್ಮ ಆಣಿಗೆ ಕೊಬ್ಬರಿ ಇರ್ತೈತೇನು?"

"ಭಂಡಾರ ಇದ್ದಲ್ಲಿ ಕೊಬ್ಬರಿ ಇರ್ತೈತಲ್ರಿ ಮೇಡಂ. ದೇವರ ಮ್ಯಾಲ ಹಾರಸೂದಿಲ್ಲೇನ್ರಿ?"

"ಹಾರಸೂದು ನನಗೂ ಗೊತ್ತು. ಆಣಿ ಮಾಡೂವಾಗ ಅಗಿಯೂದು?"

"ದೇವರ ಕಾರ್ಯ ಹಿಂಗ ಇರಬೇಕು ಹಂಗ ಇರಬೇಕು ಅಂತ ಏನೈತ್ರಿ? ಅದೇನ್ ಸರಕಾರಿ ಕಾಗದಾನ?"

ಇವನನ್ನು ಕೇಳಿದ್ದೇ ನನ್ನ ತಪ್ಪು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮತ್ತೆ ಮುತ್ತಣ್ಣನ ಮಂಚದ ಹತ್ತಿರ ಹೋಗಿ ನಾಳೆಯ ಆಪರೇಶನ್ ವಿಷಯ ಹೇಳಿದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ತಂಗೆವ್ವ ಅವನ ಕೈ ಹಿಡಿದುಕೊಂಡು, "ಹೂಂ ಅನ್ರಿ, ನಿಮ್ಮ ಕಾಲ ಬೀಳತೀನಿ," ಅಂದಳು.

"ಹೂಂ ಅನ್ನಾಕ ನನಗ ಆಸೆ ಇಲ್ಲೇನ?" ಅಂದ ಅವನು ಹಲ್ಲಿನ ಸಂದಿಯಿಂದ. "ಮೇಡಮ್ಮಾರ, ನಮ್ಮ ಕುರಿಗೆ ಹಟ್ಟಿ ಬಾವಿ ನೀರ ಬಂದ ಮಾಡ್ಯಾರ್ರಿ. ಇಕೀನ ಯಾರೂ ಕರ್ಯಾಂಗಿಲ್ಲ. ಈಗ ನಾ ಹೋಗಿ ಬಾಯಿ ತಗಸ್ಕೊಂಡ ಬಂದ್ರ ಏನಂತಾರ್ರಿ? ದೇವರು ಹಾಕಿದ ಬೀಗಾ ಡಾಕ್ಟರ ಕಡೀಂದ ಮುರಸ್ಕೊಂಡ ಬಂದಾನ ಕಳ್ಳ, ಅಂತಾರು. ಬಾಯಿ ತಗದು ನಾ ಯಾ ಊರಾಗ ಕುಂತು ಉಣ್ಣಲ್ರಿ?"

ನನಗೆ ಸಿಟ್ಟು ನೆತ್ತಿಗೇರಿತು, ಅವನ ಮೇಲಲ್ಲ.

"ನೀ ಕದ್ದಿಲ್ಲ ಅಂತ ನಾ ತೋರಿಸಿದ್ರ?"

"ಹಟ್ಟಿ ನಂಬಿದ್ರ ಹೋಗ್ತೀನ್ರಿ. ಮೊದಲ ನಾ ನಂಬಬೇಕಲ್ರಿ."

ಅದೇ ಹೊತ್ತಿಗೆ ಡಿವೈಎಸ್‌ಪಿ ಸಾಹೇಬರ ಫೋನು. "ಏನ್ರಿ, ಆರೋಪಿ ಒಪ್ಪಿಕೊಂಡಾನಂತ? ಮುಗಸ್ರಿ ಮತ್ತ. ಏನ್ ಹಚ್ಚೀರಿ ಅಲ್ಲಿ, ಆಸ್ಪತ್ರಿ, ಸ್ಕ್ಯಾನು?"

"ಸರ್, ಪೊಲೀಸರ ಮುಂದ ಒಪ್ಪಿಕೊಂಡದ್ದು ಕೋರ್ಟಿನಾಗ ನಡಿಯಂಗಿಲ್ಲ. ಮಾಲು ಬೇಕಲ್ಲ ಸರ್. ಎಲ್ಲಿಟ್ಟಿ ಅಂದ್ರ ಬೀರಪ್ಪನ್ನ ಕೇಳ್ರಿ ಅಂತಾನ."

"ತಿಮ್ಮಾಪುರದಿಂದ ಒಂದು ನಾಯಿ ತರಸ್ರಿ, ವಾಸನಿ ಹಿಡದು ತೋರಸ್ತೈತಿ."

ತಿಮ್ಮಾಪುರದಲ್ಲಿ ಸಾಕುವ ಮುಧೋಳದ ಬೇಟೆನಾಯಿ ಮೊಲ ಕಂಡರೆ ಓಡುತ್ತದೆ, ಬೆಳ್ಳಿ ಮೂಸುವುದಿಲ್ಲ ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು "ಆಯ್ತು ಸರ್" ಅಂದೆ.

ಜೀಪು ಹತ್ತಿದೆವು. ಕಬ್ಬಿನ ಹಂಗಾಮು. ಮುಧೋಳದವರೆಗೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಒಂದೊಂದರಲ್ಲೂ ಕಿವಿ ಹರಿಯುವ ಹಾಡು. ಹಾರ್ನ್ ಹೊಡೆದರೆ ಹಾಡು ಇನ್ನೂ ಜೋರಾಗುತ್ತಿತ್ತು. ಸಾತಪ್ಪ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯುತ್ತ, ದೇವರ ಜೊತೆ ಜಿದ್ದಿಗೆ ಬಿದ್ದ ಅಧಿಕಾರಿಗಳಿಗೆ ಹಿಂದೆ ಏನೇನಾಯಿತು ಎಂದು ಒಂದೊಂದಾಗಿ ಹೇಳುತ್ತಿದ್ದ. ಒಬ್ಬರಿಗೆ ವರ್ಗವಾಯಿತಂತೆ. ಇನ್ನೊಬ್ಬರಿಗೆ ಮೂಲವ್ಯಾಧಿ.

ಬೀರನಹಟ್ಟಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಗುಡಿಯ ಪೂಜಾರಿ ಪರಮಾನಂದ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತಿದ್ದ. ಒಳಗೆ ದೇವರ ಕಲ್ಲಿನ ಮೇಲೆ, ಬೆಳ್ಳಿ ಮುಖ ಇರುತ್ತಿದ್ದ ಜಾಗದಲ್ಲಿ, ಒಂದು ಬಿಳಿ ವಸ್ತ್ರ ಸುತ್ತಿದ್ದರು. ನನ್ನನ್ನು ಕಂಡು ಅವನು ಎದ್ದು ನಿಂತ. ಸಾತಪ್ಪನನ್ನು ಕಂಡು ಕೈ ಮುಗಿದ.

"ಪೂಜಾರ್ರ, ಸುತ್ತು ಬಳಸಿ ಮಾತಾಡಾಕ ನನಗ ಹೊತ್ತಿಲ್ಲ. ನಿಮ್ಮ ಅಜ್ಜಾರ ಕಾಲದಾಗ ಆಣಿ ಹೆಂಗ ಮಾಡ್ತಿದ್ರು?"

"ಭಂಡಾರ ಅಂಗೈಯಾಗ ಹಿಡದು ಹಣಿಗೆ ಹಚ್ಕೋತಿದ್ರರಿ."

"ನಿಮ್ಮ ಅಪ್ಪಾರ ಕಾಲದಾಗ?"

"ಹಂಗರಿ."

"ಮತ್ತ ಈ ಸಲ ಕೊಬ್ಬರಿ ತುಂಡಿಗೆ ಭಂಡಾರ ಹಚ್ಚಿ ಎಲ್ಲಾರಿಗೂ ಅಗಸ್ರಿ ಅಂತ ನಿಮಗ ಹೇಳಿದವ್ರು ಯಾರು?"

ಪರಮಾನಂದ ಕೆಳಗೆ ನೋಡಿದ. "ದೇವರ ಹೇಳಿಕಿರಿ."

"ದೇವರು ನಿಮ್ಮ ಕಿವ್ಯಾಗ ಬಂದು ಹೇಳಿದನೋ, ಯಾರದಾದ್ರೂ ಬಾಯಿಲೆ ಹೇಳಿಸಿದನೋ?"

ನಾನು ಕಟ್ಟೆಯ ಮೇಲೆ ಕುಳಿತೆ. ಉತ್ತರ ಸಿಗುವವರೆಗೆ ಏಳುವ ವಿಚಾರ ನನಗಿರಲಿಲ್ಲ.

"ಪೂಜಾರ್ರ, ಮುತ್ತಣ್ಣನ ಬ್ಯಾನಿ ಭಾಳ ವರ್ಷದ್ದು. ಡಾಕ್ಟರು ಬರಕೊಡ್ತಾರ. ಅವಂಗ ಗಟ್ಟಿ ತಿನಿಸಿದ್ರ ದವಡಿ ಹಿಡೀತೈತಿ. ಇದು ಯಾರಿಗೋ ಗೊತ್ತಿತ್ತು. ಗೊತ್ತಿದ್ದವರು ನಿಮ್ಮ ಕಡೀಂದ ಕೊಬ್ಬರಿ ಅಗಿಸ್ಯಾರ. ನಿಮ್ಮ ದೇವರ ಹೆಸರಿಲೆ ಒಬ್ಬ ಬಡವನ ಕೊರಳು ಕೊಯ್ದಾರ. ತಿಳೀತೇನು?"

ಅವನ ಮುಖದ ಬಣ್ಣ ಇಳಿಯಿತು. ಬಾಯಿ ಸ್ವಲ್ಪ ತೆರೆಯಿತು. ಹೆಸರು ಈಗ ಬಂತು ಅಂದುಕೊಂಡೆ.

"ಪರಮಾನಂದಾ," ಅಂದ ಸಾತಪ್ಪ ನನ್ನ ಹಿಂದಿನಿಂದ, "ಭಂಡಾರ ಮುಟ್ಟಿ ಮಾತ ಕೊಟ್ಟಿದ್ದಿ ಅಂದ್ರ ಮುರೀಬ್ಯಾಡೋ. ಮಕ್ಕಳು ಮರಿ ಇದ್ದಾಂವ."

ನನ್ನ ಮೈಯೆಲ್ಲ ಉರಿಯಿತು. "ಸಾತಪ್ಪ! ನೀ ಪೊಲೀಸೋ, ಗುಡಿ ಧರ್ಮದರ್ಶಿಯೋ? ಹೋಗು, ಜೀಪಿನಾಗ ಕುಂಡ್ರು!"

ಅವನು ಹೋದ. ಆದರೆ ಬಂದ ಮಾತೂ ಅವನ ಜೊತೆಗೇ ಹೋಗಿತ್ತು. ಪರಮಾನಂದ ಕಂಬದ ಮೇಲೆ ಅಂಗೈ ಇಟ್ಟು ನಿಂತುಬಿಟ್ಟ. ಅಂಜಿದ್ದ, ನಾಚಿದ್ದ. ಅವನ ಕಣ್ಣು ನೋಡಿ ನನಗೆ ಅಷ್ಟು ತಿಳಿಯಿತು.

"ಮಾತ ಕೊಟ್ಟೀನ್ರಿ ಮೇಡಮ್ಮಾರ. ಹೆಸರ ಕೇಳಬ್ಯಾಡ್ರಿ."

"ಭಂಡಾರ ಮುಟ್ಟಿ?"

"ಹೌದ್ರಿ."

"ಅಯ್ಯ ಶಿವನೇ! ಈ ಹಟ್ಟ್ಯಾಗ ಆಣಿ ಇಲ್ದ ನೀರರ ಕುಡೀತೀರೇನು ನೀವು? ಒಬ್ಬಾಂವ ಆಣಿ ಮಾಡಿ ಬಾಯಿ ಕಟ್ಟಿಕೊಂಡ, ಇನ್ನೊಬ್ಬಾಂವ ಆಣಿ ಮಾಡಿ ಬಾಯಿ ಮುಚ್ಚಿಕೊಂಡ. ನಾ ಯಾರನ್ನ ಕೇಳಲಿ, ಕುರೀನ?"

ಅವನು ನಗಲಿಲ್ಲ. "ಇಷ್ಟ ಹೇಳತೀನ್ರಿ. ಊರಾಗ ಮಾನ ಇದ್ದ ಮನಷ್ಯಾರು. ಅವ್ರ ಮಾತ ತಗದು ಹಾಕಾಕ ನನಗ ಆಗಲಿಲ್ಲ. ಕಳ್ಳ ಲಗೂ ಸಿಗತಾನ ಅಂದ್ರು, ದೇವರ ಮುಖ ತಿರುಗಿ ಬರ್ತೈತಿ ಅಂದ್ರು. ನಾ ಹೂಂ ಅಂದ್ನಿ. ಅವ್ರ ಹೆಸರ ನೀವು ತಿಳಕೊಂಡ್ರ ನಿಮಗ ತ್ರಾಸ ಆಗ್ತೈತಿ."

"ನನಗ ಆಗಲೇ ಆಗೇತಿ," ಅಂದೆ.

ಹೊರಡುವಾಗ ಅವನು ಹಿಂದಿನಿಂದ ಕೂಗಿದ. "ಮುತ್ತಣ್ಣ ಉಣ್ಣಾಕತ್ತಾನೇನ್ರಿ?"

"ಇಲ್ಲ," ಅಂದೆ. ಅದನ್ನು ಕೇಳಿ ಅವನು ಕಟ್ಟೆಯ ಮೇಲೆ ಕುಸಿದು ಕುಳಿತ.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದಾಗ ಅಂಬ್ಯುಲೆನ್ಸ್ ಆಗಲೇ ಗೇಟಿನ ಒಳಗೆ ನಿಂತಿತ್ತು. ಆರೋಪಿಯ ಜೊತೆಗೆ ಬೆಳಗಾವಿಯವರೆಗೆ ಒಬ್ಬ ಪೊಲೀಸ್ ಇರಲೇಬೇಕು. ಸಾತಪ್ಪ ತಾನೇ ಹೋಗುವೆನೆಂದು ಚೀಲ ಕಟ್ಟಿಕೊಂಡು ಬಂದಿದ್ದ. ನಿನ್ನೆ ಬೈದದ್ದಕ್ಕೆ ಮುನಿಸಿಕೊಂಡಿರಲೂ ಇಲ್ಲ. ಅವನನ್ನು ಕೆಳಗೆ ಬಿಟ್ಟು ನಾನು ಮೇಲಿನ ಕೋಣೆಗೆ ಹೋದೆ.

ಮುತ್ತಣ್ಣ ಗೋಡೆಗೆ ಒರಗಿ ಕುಳಿತಿದ್ದ. ರಾತ್ರಿಯಿಡೀ ದವಡೆ ಹಿಡಿದಿತ್ತಂತೆ. ಕಣ್ಣು ಗುಳಿ ಬಿದ್ದಿದ್ದವು. ನಾನು ಸ್ಟೂಲು ಎಳೆದುಕೊಂಡು ಕುಳಿತೆ. ಇವತ್ತು ನನ್ನ ಕೈಯಲ್ಲಿ ಪೆನ್ನಿರಲಿಲ್ಲ.

"ಮುತ್ತಣ್ಣಾ, ನಿಮ್ಮ ಗುಡ್ಯಾಗ ಈ ಮೊದಲ ಯಾವಾಗರ ಕೊಬ್ಬರಿ ಅಗಿಸಿ ಆಣಿ ಮಾಡಿಸ್ಯಾರೇನು?"

ಅವನು ಇಲ್ಲವೆಂದು ತಲೆ ಆಡಿಸಿದ.

"ಅವತ್ತು ಅಗಿಯೂಕಿಂತ ಮೊದಲ, ಭಂಡಾರ ಹಣಿಗೆ ಹಚ್ಕೊಂಡು ನಾ ತಗೊಂಡಿಲ್ಲ ಅಂದೆಲ್ಲ, ಆಗ ದವಡಿ ಹಿಡೀತೇನು?"

"ಇಲ್ಲರಿ."

"ಅಂದ್ರ ನಿಮ್ಮ ದೇವರು ನಿನ್ನ ಮಾತು ಕೇಳಿದ, ಸುಮ್ಮನ ಇದ್ದ. ಆಮೇಲೆ ಮನಷ್ಯಾರು ಕೊಬ್ಬರಿ ಕೊಟ್ರು. ಕೊಬ್ಬರಿ ಅಗದಿ, ಹಿಡೀತು. ಹೊಲದಾಗ ಒಣ ರೊಟ್ಟಿ ಅಗದ್ರೂ ಹಂಗ ಹಿಡೀತಿತ್ತಲ್ಲ?"

"ಹಿಡೀತಿತ್ರಿ. ಅದಕ್ಕ ಒಬ್ಬಾವನ ಕುಂತು ಉಣ್ಣತಿದ್ನಿ. ಮಂದಿ ನೋಡಿದ್ರ ದೇವರು ಮುನದಾನ ಅಂತಾರ ಅಂತ."

"ರೊಟ್ಟಿ ತಿಂದಾಗ ಹಿಡದದ್ದು ಕಳ್ಳತನಕ್ಕೇನು?"

ಅವನು ನನ್ನನ್ನೇ ನೋಡಿದ. ಒಳಗೆ ಏನೋ ನಿಧಾನವಾಗಿ ಸರಿಯುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಹಂಗಾರ ನಾ ಕಳ್ಳ ಅಲ್ಲನ್ರಿ?"

"ಅಲ್ಲೋ ಮಾರಾಯಾ! ಇಷ್ಟು ದಿನ ನಾ ಬಡಕೊಂಡದ್ದು ಏನು ಮತ್ತ?"

ಅವನು ಅತ್ತ. ಅಳುವುದಕ್ಕೂ ಬಾಯಿ ಪೂರ್ತಿ ತೆರೆಯಲಿಲ್ಲ. ತಂಗೆವ್ವ ಸೆರಗಿನಿಂದ ಅವನ ಮುಖ ಒರೆಸಿದಳು, ತನ್ನ ಮುಖವನ್ನೂ ಒರೆಸಿಕೊಂಡಳು.

ನರ್ಸ್ ಕಾಗದ ತಂದಳು. ಮುತ್ತಣ್ಣ ಹೆಬ್ಬೆಟ್ಟು ಒತ್ತಿದ. "ನಡೀರಿ," ಅಂದ, "ಡಾಕ್ಟರು ಏನ ಮಾಡತಾರೋ ಮಾಡ್ಲಿ. ಹೊಳ್ಳಿ ಬಂದು ಹಟ್ಟಿ ಮಂದಿ ಮುಂದ ಕುಂತು ರೊಟ್ಟಿ ಉಣ್ತೀನಿ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅಂಬ್ಯುಲೆನ್ಸ್ ಹತ್ತಿಸಿ, ಬೆಳಗಾವಿ ಮುಟ್ಟಿಸಿ, ಅವನ ಬಾಯಿ ತೆರೆದ ಮೇಲೆ ಕೇಳಬಹುದಾಗಿತ್ತು. ಆದರೆ ಪೊಲೀಸ್ ಬುದ್ಧಿ ಎಲ್ಲಿ ಹೋಗುತ್ತದೆ? ಗೆದ್ದ ಹುರುಪಿನಲ್ಲಿ ನಾನು ಇನ್ನೂ ಒಂದು ಪ್ರಶ್ನೆ ಕೇಳಿದೆ.

"ಮುತ್ತಣ್ಣಾ, ಕೊಬ್ಬರಿ ಅಗಿಸಾಕ ಹಚ್ಚಿದಾಂವಗ ನಿನ್ನ ಬ್ಯಾನಿ ಗೊತ್ತಿತ್ತು. ಮುಖ ಕದ್ದವರೂ ಅವ್ರ ಇರಬೇಕು, ನಿನ್ನ ಮ್ಯಾಲ ಹಾಕಿ ತಾವು ಪಾರಾಗ್ಯಾರ. ಆಣಿಗಿಂತ ಮೊದಲ ನಿನ್ನ ದವಡಿ ಸುದ್ದಿ ಯಾರ‍್ಯಾರಿಗೆ ಗೊತ್ತಿತ್ತು? ವಿಚಾರ ಮಾಡಿ ಹೇಳು."

"ಯಾರಿಗೂ ಇಲ್ಲರಿ. ನಾ ಯಾರ ಮುಂದೂ..."

ಅವನ ಕಣ್ಣು ಮೆಲ್ಲಗೆ ತಂಗೆವ್ವನ ಕಡೆ ಹೊರಳಿತು. ಬಿಸಿನೀರಿನ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ಅವನಿಗೆ ಏನು ಹೊಳೆಯಿತೆಂದು ನನಗೆ ಆಗಲೇ ತಿಳಿಯಿತು, ಆದರೆ ಮಾತು ನನ್ನ ಬಾಯಿಂದ ಹೊರಟುಹೋಗಿತ್ತು.

"ಮೇಡಮ್ಮಾರ," ಅಂದ ಅವನು, ದನಿ ಬೇರೆಯೇ ಆಗಿತ್ತು. "ನಾ ಹೋಗಂಗಿಲ್ಲರಿ."

"ಏನು?"

"ಆಪ್ರೇಶನ್ ಬ್ಯಾಡ್ರಿ. ಮುಖಾ ನಾನ ತಗೊಂಡೀನಿ. ಹೊಲದ ಗೌಡ್ರ ಚಾ ಕೊಟ್ಟದ್ದು ಮರುದಿನಾರಿ, ಅವತ್ತಲ್ಲ. ಮುಖಾ ಘಟಪ್ರಭಾ ಹೊಳ್ಯಾಗ ಒಗದೀನಿ. ನನ್ನ ಒಯ್ರಿ. ಮತ್ತ ಯಾರನ್ನೂ ಏನೂ ಕೇಳಬ್ಯಾಡ್ರಿ."

ನಿನ್ನೆಯವರೆಗೆ ನಂಬಿ ಸುಳ್ಳು ಹೇಳುತ್ತಿದ್ದವನು ಇವತ್ತು ನಂಬದೆ ಹೇಳುತ್ತಿದ್ದ. ಇವತ್ತಿನದು ಬಹಳ ಅಚ್ಚುಕಟ್ಟಾಗಿತ್ತು. ಡಿವೈಎಸ್‌ಪಿ ಸಾಹೇಬರು ಕೇಳಿದ್ದರೆ ಪೇಡೆ ಹಂಚುತ್ತಿದ್ದರು. ಮುತ್ತಣ್ಣ ಕಾಗದವನ್ನು ಕಸಿದುಕೊಳ್ಳಲು ಕೈ ಚಾಚಿದ, ನರ್ಸ್ ಹಿಂದೆ ಸರಿದಳು.

"ಏ ಹುಚ್ಚಾ, ನಿನ್ನ ಹೇಂತಿ ಅಲ್ಲ!" ಅಂದೆ. "ಪೂಜಾರಿ ಹೇಳಿದ್ದು ಊರಾಗ ಮಾನ ಇದ್ದ ದೊಡ್ಡ ಮನಷ್ಯಾರ ಸುದ್ದಿ. ಇಕಿ ಮಾತಿಗೆ ಪೂಜಾರಿ ಆಣಿ ಪದ್ಧತಿ ಬದಲ ಮಾಡತಾನೇನು?"

ಅವನು ಕೇಳಿಸಿಕೊಳ್ಳಲೇ ಇಲ್ಲ. ಒಂದು ಸಲ ಮನಸ್ಸು ಮಾಡಿದ ಕುರಿಗಾರನನ್ನು ಅಲ್ಲಾಡಿಸಲು ಬೀರಪ್ಪನಿಂದಲೂ ಆಗದು.

ನಾನು ತಂಗೆವ್ವನ ಕಡೆ ತಿರುಗಿದೆ. "ನೀನರ ಹೇಳ ತಂಗೆವ್ವಾ. ಇವನ ಬ್ಯಾನಿ ಸುದ್ದಿ ನೀ ಯಾರ ಮುಂದರ ಹೇಳಿದ್ದೇನು?"

ಅವಳು ಗಂಡನನ್ನು ನೋಡಿದಳು. ಇಷ್ಟು ವರ್ಷ ಗುಟ್ಟು ಕಾಪಾಡು ಅಂದಿದ್ದವನ ಮುಂದೆಯೇ ಒಪ್ಪಿಕೊಳ್ಳುವುದು ಕಷ್ಟವಾಗಿತ್ತು.

"ಒಬ್ಬರ ಮುಂದ ಹೇಳಿದ್ನಿರಿ," ಅಂದಳು ಕಡೆಗೆ. "ಒಬ್ಬರ ಮುಂದ ಅಷ್ಟ. ಇವರು ಹಸಗೊಂಡು ಸಾಯೂದ ನೋಡಾಕ ಆಗಲಿಲ್ಲರಿ. ಯಾರರ ದೊಡ್ಡ ದವಾಖಾನಿ ತೋರಿಸ್ಯಾರು ಅಂತ ಕೈ ಮುಗದು ಹೇಳಿದ್ನಿ. ಅವ್ರು ನಿಮಗ ಹೇಳಿರಬೇಕು ಅಂತ ತಿಳಕೊಂಡಿದ್ನಿರಿ..."

"ನನಗ? ನನಗ ಯಾಕ ಹೇಳಬೇಕು? ಯಾರವರು?"

ಅವಳು ಬಾಯಿ ತೆರೆದಳು. ಮುತ್ತಣ್ಣ ಮಂಚದಿಂದ ಎದ್ದು ಅಂಗೈಯಿಂದ ಅವಳ ಬಾಯಿ ಮುಚ್ಚಿಬಿಟ್ಟ.

"ಸುಮ್ನಿರು," ಅಂದ. "ಏನೂ ಹೇಳಬ್ಯಾಡ. ನಾ ಒಪ್ಪಿಕೊಂಡೀನಿ, ನೀ ಮನಿಗೆ ಹೋಗು." ಅವಳು ತಪ್ಪೊಪ್ಪಿಗೆ ಹೇಳುತ್ತಾಳೆ ಅಂತಲೇ ತಿಳಿದಿದ್ದ ಆ ಮೂರ್ಖ. ಅಷ್ಟರಲ್ಲಿ ಅವನ ಎಡಗೆನ್ನೆ ಮತ್ತೆ ಗಂಟು ಕಟ್ಟಿತು, ಹಲ್ಲು ಬಡಿಯಿತು. ನೋವಿಗೆ ಮೈ ನಡುಗುತ್ತಿದ್ದರೂ ಕೈಯನ್ನು ಮಾತ್ರ ಸಡಿಲ ಬಿಡಲಿಲ್ಲ. ನಾನು ಅವನ ಮುಂಗೈ ಹಿಡಿದು ಎಳೆದೆ, ನರ್ಸ್ ಡಾಕ್ಟರನ್ನು ಕೂಗುತ್ತ ಓಡಿದಳು.

ತಂಗೆವ್ವ ಕೊಸರಾಡಲಿಲ್ಲ. ಗಂಡನ ಅಂಗೈಯ ಮೇಲಿನಿಂದ ನನ್ನನ್ನು ನೋಡುತ್ತ, ನಿಧಾನವಾಗಿ ಬಲಗೈ ಎತ್ತಿ ಕಿಟಕಿಯ ಕಡೆ ಬೆರಳು ಮಾಡಿದಳು.

ನಾನು ಕಿಟಕಿಗೆ ಹೋಗಿ ಕೆಳಗೆ ನೋಡಿದೆ. ಅಂಬ್ಯುಲೆನ್ಸ್ ಇಂಜಿನ್ ಚಾಲೂ ಆಗಿತ್ತು. ಚಾಲಕನ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಸಾತಪ್ಪ ಕುಳಿತಿದ್ದ. ನನ್ನನ್ನು ಕಂಡು ತಲೆ ಹೊರಗೆ ಹಾಕಿ, ನಗುತ್ತ ಕೈ ಬೀಸಿದ.

"ಹೊತ್ತಾತ್ರಿ ಮೇಡಂ! ಕಳಸ್ರಿ ಅವನ್ನ, ನಾ ಸಂಬಾಳಸ್ತೀನಿ!"